ಮೂಗು ಸವೆದ ರಾಣಿ

೬ ಏಪ್ರಿಲ್ ೧೯೪೧, ಸಂಜೆ. ಆಳಂದ

ಇವತ್ತೂ ನಮ್ಮ ಆಳು ರಸೂಲ ಚೀಲ ಹೊತ್ತು ಬಂದ. ಜೇವರ್ಗಿ ಸುತ್ತಿನ ಹಳ್ಳಿಗಳಲ್ಲಿ ಕೂಡಿಸಿದ್ದು. ಎಲ್ಲ ರಾಣಿ ಛಾಪಿನ ಹಳೇ ಕಲದಾರ ರೂಪಾಯಿ. ಹೋದ ತಿಂಗಳ ಕೊನೆಗೆ ಇಂಗ್ರೇಜಿ ಸರ್ಕಾರ ಅವುಗಳ ಚಲಾವಣೆ ನಿಲ್ಲಿಸಿತು. ರೂಪಾಯಿಯಾಗಿ ಸತ್ತವು, ಬೆಳ್ಳಿಯಾಗಿ ಬದುಕಿವೆ. ಜನ ಹೆದರಿ ಲೋಹದ ರೇಟಿಗೇ ಕೊಡುತ್ತಿದ್ದಾರೆ. ಯುದ್ಧ ನಿಲ್ಲುವ ಲಕ್ಷಣವಿಲ್ಲ. ಬೆಳ್ಳಿ ಏರಲೇಬೇಕು.

ರಾಣಿಯ ಮೊಗಕೆ ಬೆಲೆಯಿಲ್ಲ,
ಬೆನ್ನಿನ ಬೆಳ್ಳಿಗೆ ಸಾವಿಲ್ಲ.

ಧಾರವಾಡದಲ್ಲಿ ಕನ್ನಡ ಓದಿ ಬಿ.ಎ. ಆದದ್ದರ ಪ್ರಯೋಜನ ಇಷ್ಟು. ಇಲ್ಲಿಯ ಕಚೇರಿಯೆಲ್ಲ ಉರ್ದು. ನನ್ನದೇ ಅರ್ಜಿ ಓದಿಸಲು ಮುನ್ಷಿಗೆ ಚಹಾ ಕುಡಿಸಬೇಕು.

ಹೆಂಡತಿ ಸುಭದ್ರಿ ಬಾಗಿಲಲ್ಲಿ ನಿಂತು ತಕ್ಕಡಿ ನೋಡುತ್ತಿದ್ದಳು.
"ಸವೆದ ರೂಪಾಯಿಗಿ ಏನ್ ಕೊಡ್ತೀರಿ?"
"ತೂಕ ಇದ್ದಷ್ಟು. ಸವೆದರೆ ಕಡಿಮೆ."
"ಹಂಗಾದ್ರ ನನಗೂ ಕಡಿಮಿನೇ ಬರ್ತದ ಬಿಡ್ರಿ."
ರಸೂಲ ನಕ್ಕ. ನಾನೂ ನಕ್ಕೆ. ಕೆಮ್ಮುತ್ತ ಒಳಗೆ ಹೋದಳು.

೨೭ ಏಪ್ರಿಲ್

ಕರಜಗಿಯಿಂದ ಮಗಳು ಗೌರಾಳ ಸುದ್ದಿ. ಆರಾಮ ಇದ್ದಾಳಂತೆ. ಹೋದ ವರ್ಷ ಗಂಡನ ಮನೆಯಲ್ಲೇ ಅವೇಳೆಗೆ ಹೆತ್ತು ಕೂಸು ಕಳೆದುಕೊಂಡಿದ್ದಳು. ಸುಭದ್ರಿ ಅದನ್ನಿನ್ನೂ ಬಿಟ್ಟಿಲ್ಲ. "ತವರಿಗಿ ಬಂದಿದ್ರ ಉಳೀತಿತ್ತು" ಅನ್ನುತ್ತಾಳೆ. ಹೇಗೆ ಎಂದರೆ, "ಹೆಂಗಸರ ಮಾತು, ನಿಮಗ್ಯಾಕ."

ತಮ್ಮ ಬಂದಿದ್ದ. ಹೊಲದ ಬದು ನೋಡಿ ಹೋದ. ನನಗೆ ಗಂಡು ಸಂತಾನವಿಲ್ಲ, ಆದ್ದರಿಂದ ಹೊಲ ಅವನ ಮಕ್ಕಳಿಗೆ. ಬಾಯಿಬಿಟ್ಟು ಹೇಳುವುದಿಲ್ಲ, ಬದುವಿನ ಮೇಲೆ ನಡೆದು ತೋರಿಸುತ್ತಾನೆ. ಗೌರಾಳಿಗೆ ನಾನು ಕೊಡಬಹುದಾದದ್ದು ಕೈಯಲ್ಲಿ ಹಿಡಿಯುವಂಥದ್ದು ಮಾತ್ರ. ಅದಕ್ಕೇ ಈ ಬೆಳ್ಳಿ. ಮಣ್ಣಿಗೆ ಗಂಡುಮಗ ಬೇಕು, ಬೆಳ್ಳಿ ಯಾರನ್ನೂ ಕೇಳುವುದಿಲ್ಲ.

೧೯ ಆಗಸ್ಟ್

ಸುಭದ್ರಿ ಇಲ್ಲ.

೨೦ ಆಗಸ್ಟ್

ನಿನ್ನೆ ಬರೆದದ್ದು ಓದಿದೆ. ಎರಡೇ ಮಾತು. ಪ್ರಾಸವಿಲ್ಲ.

೩೦ ಅಕ್ಟೋಬರ್

ಅವಳ ಟ್ರಂಕು ತೆಗೆದೆ. ಇಳಕಲ್ ಸೀರೆಗಳು. ತಳದಲ್ಲಿ ಒಂದು ಬಟ್ಟೆಚೀಲ — ಒಣ ಅಡಿಕೆ, ಯಾವುದೋ ಬೇರಿನ ತುಂಡು, ಹಿಡಿಯಷ್ಟು ರಾಣಿ ರೂಪಾಯಿ. ನನ್ನ ಕಣ್ಣು ತಪ್ಪಿಸಿ ಉಳಿಸಿದ್ದು. ಬೇರು ಎಸೆದೆ. ರೂಪಾಯಿಗಳನ್ನು ಗೌರಾಳಿಗೆಂದು ಬೆಳ್ಳಿ ಕೂಡಿಸುತ್ತಿರುವ ಗಡಿಗೆಗೆ ಹಾಕಿದೆ. ಅವಳಿದ್ದರೂ ಅದನ್ನೇ ಮಾಡುತ್ತಿದ್ದಳು.

ಒಂದು ಮಾತ್ರ ವಿಪರೀತ ಸವೆದಿತ್ತು. ರಾಣಿಗೆ ಮೂಗೇ ಇಲ್ಲ. ಗಲ್ಲ, ಗದ್ದ ಒಂದಾಗಿ ನುಣ್ಣಗೆ. ರಸೂಲನಿಗೆ ತೋರಿಸಿದೆ.
"ಇದು ರೂಪಾಯಿ ಅಲ್ರಿ ಮಾಲಕ, ಹಪ್ಪಳ."
ತೆಳು ಮಾಲನ್ನು ಮೊದಲು ಕೈಬಿಡಬೇಕು, ತೂಕದ್ದನ್ನು ಹಿಡಿದಿಡಬೇಕು — ಇದು ನಮ್ಮ ದಂಧೆಯ ಮೊದಲ ಪಾಠ. ಇದನ್ನೂ ಸೇರಿಸಿ ಸವಕಲನ್ನೆಲ್ಲ ಬೇರೆ ಗಂಟು ಕಟ್ಟಿ ಕೊಟ್ಟೆ. ನಾಳೆ ದುಧನಿಯಿಂದ ಪ್ಯಾಸೆಂಜರ್ ಹಿಡಿದು ಸೊಲ್ಲಾಪುರಕ್ಕೆ ಒಯ್ಯುತ್ತಾನೆ. ಅಲ್ಲಿ ಕರಗಿಸಿ ಗಟ್ಟಿ ಮಾಡುತ್ತಾರೆ.

ಮೂಗಿಲ್ಲದ ರಾಣಿ, ಹೋಗು ಹೊರಡು,
ಮುಪ್ಪಾದ ಮೇಲೆ ಮೂಸೆಗೆ ದುಡಿ.

ಪ್ರಾಸ ಕೂಡಲಿಲ್ಲ. ಇರಲಿ.

೧೧ ಜನವರಿ ೧೯೪೨

ಗೌರಾ ಬಂದಳು. ಬಸುರಿ. ಈ ಸಲ ದೌಲತರಾಯ — ಅಳಿಯ — ತಾನೇ ಗಾಡಿ ಕಟ್ಟಿಕೊಂಡು ಬಂದು ಬಿಟ್ಟುಹೋದ. ಅವ್ವನಿಲ್ಲದ ಮನೆಯಲ್ಲಿ ಕೋಣೆಯಿಂದ ಕೋಣೆಗೆ ಓಡಾಡಿದಳು. ಹುಣಸೆಹುಳಿಯ ಗಡಿಗೆ ಕೂಡ ಮುಟ್ಟಿ ನೋಡಿದಳು. ನಕ್ಕಳು. ಬಹಳ ದಿನಗಳ ಮೇಲೆ ಮನೆಯಲ್ಲಿ ಬಳೆಯ ಸಪ್ಪಳ.

೧೪ ಜನವರಿ

ಬರೆಯಲೇಬೇಕು. ಇನ್ನಾರಿಗೆ ಹೇಳಲಿ.

ಸೂಲಗಿತ್ತಿ ಪೀರಬಿ ಬಂದಿದ್ದಳು. ಗೌರಾಳನ್ನು ಹಡೆಸಿದವಳೂ ಅವಳೇ. ನಾನು ಪಡಸಾಲೆಯಲ್ಲಿ ಪೇಪರು ಓದುತ್ತಿದ್ದೆ. ಗೌರಾ ಒಳಗಿಂದ ಕೂಗಿದಳು.
"ಅಪ್ಪಾ, ಅವ್ವನ ಟ್ರಂಕಿನ್ಯಾಗ ಬಜೆ ರೂಪಾಯಿ ಇತ್ತಲ್ಲ, ಎಲ್ಲದರಿ?"
"ಯಾವ ರೂಪಾಯಿ?"
ಪೀರಬಿ ಹೊರಗೆ ಬಂದಳು. "ಕೂಸಿಗಿ ತೇಯ್ದು ನೆಕ್ಕಿಸೋದ್ರಿ ಅಣ್ಣಾರ. ಬಜೆ ಬೇರು, ಆ ರೂಪಾಯಿ, ಎರಡೂ ಕಲ್ಲಿಗಿ ತೇಯ್ದು ಜೇನಿನ್ಯಾಗ ಕಲಸಿ. ನಿಮ್ಮ ಮನಿ ಕೂಸಿಗೆಲ್ಲ ಅದೇ ರೂಪಾಯಿ. ಗೌರಾಗ ನಾನೇ ತೇಯ್ದೀನಿ. ನಿಮಗ ನಮ್ಮವ್ವ ತೇಯ್ದಿದ್ಲು. ನಿಮ್ಮ ಹೊಟ್ಯಾಗೂ ಆ ರಾಣಿ ಮೂಗು ಅದ."
ಅವಳು ನಗುತ್ತಿದ್ದಳು. ನಾನು ಪೇಪರು ಮಡಿಸಿದೆ. ಮತ್ತೆ ಬಿಚ್ಚಿದೆ.

ನನಗೆ ಹೇಗೆ ಗೊತ್ತಿರಬೇಕು? ಬಾಣಂತಿ ಕೋಣೆಗೆ ಗಂಡಸರು ಕಾಲಿಡುವುದಿಲ್ಲ. ನಾವು ಹೊರಗೆ ಕಟ್ಟೆಯ ಮೇಲೆ ಕುಳಿತು ಸಕ್ಕರೆ ಹಂಚುವವರು.

"ಹೋದ ಕೂಸಿಗಿ ಅದು ಸಿಗಲಿಲ್ಲ" ಎಂದಳು ಗೌರಾ ಬಾಗಿಲ ಸಂದಿಯಿಂದ. "ಅವ್ವ ಅದಕ್ಕೇ ಅಳ್ತಿದ್ಲು. ಇದಕ್ಕಾರ ಸಿಗ್ತದ."
"ಇದೆ. ಹುಡುಕಿ ಕೊಡುತ್ತೇನೆ" ಎಂದೆ.

೧೮ ಜನವರಿ. ಸೊಲ್ಲಾಪುರ, ಧರ್ಮಶಾಲೆ

ರಸೂಲನೊಡನೆ ಕರಗಿಸುವ ಅಂಗಡಿಗೆ ಹೋದೆ. ದೀಪಾವಳಿಯ ಹೊತ್ತಿನ ನಮ್ಮ ಗಂಟು ಎಲ್ಲಿ ಎಂದೆ. ಸೇಠ ಗೋಡೆಗೆ ಒಟ್ಟಿದ ಗಟ್ಟಿಗಳ ಕಡೆ ಕೈ ತೋರಿಸಿದ.
"ಅದರಾಗ ಇರ್ಬೇಕು, ಬಘಾ, ನೋಡ್ರಿ. ಇಲ್ಲಾಂದ್ರ ಮುಂಬೈಗಿ ಹೋಗಿರ್ಬೇಕು. ಬೆಳ್ಳಿಗೇನ್ ಹೆಸರು ಇರ್ತದೇನ್ರಿ?"
ರಸೂಲ ತಲೆ ತಗ್ಗಿಸಿ ನಿಂತಿದ್ದ. ಹಪ್ಪಳ ಎಂದದ್ದು ಅವನಿಗೂ ನೆನಪಾಗಿರಬೇಕು.
ಆ ತಿಂಗಳ ಎರಕದ್ದೆಂದು ಹೇಳಿದ ಒಂದು ಗಟ್ಟಿ ಕೊಂಡೆ. ನಾನು ಮಾರಿದ ಬೆಲೆಗಿಂತ ಹೆಚ್ಚು ತೆತ್ತು. ಮೊದಲ ಸಲ ರೇಟು ಕೇಳಲಿಲ್ಲ.

೨೫ ಜನವರಿ, ಮಧ್ಯಾಹ್ನ

ಗೌರಾ ಮಲಗಿದ್ದಾಳೆ. ನಾನು ಹಿತ್ತಲಲ್ಲಿ, ಅರೆಯುವ ಕಲ್ಲಿನ ಮುಂದೆ. ಗಡಿಗೆಯಲ್ಲಿ ಉಳಿದವುಗಳಲ್ಲೇ ತೆಳುವಾದ ರಾಣಿಯೊಂದನ್ನು ಆರಿಸಿ ತೇಯುತ್ತಿದ್ದೇನೆ. ಬೂದಿ, ನೀರು, ತೇಯುವುದು. ಸವಕಲನ್ನು ಬೇಡ ಎಂದವನು ಸವಕಲು ತಯಾರಿಸುತ್ತಿದ್ದಾನೆ. ಮೂಗು ಹೋಗಲೊಲ್ಲದು. ಗಟ್ಟಿ ಹೆಂಗಸು.

ನಮ್ಮವ್ವ, ಅವಳ ಅತ್ತೆ, ಸುಭದ್ರಿ — ಇವರೆಲ್ಲರ ಕೈ ಸೇರಿ ಮಾಡಿದ್ದನ್ನು ನಾನೊಬ್ಬ ಒಂದು ಮಧ್ಯಾಹ್ನದಲ್ಲಿ ಮುಗಿಸಬೇಕಂತೆ.

ಸಂಜೆ

ಕೊಟ್ಟೆ. ಗೌರಾ ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ಸವರಿದಳು. ಎರಡು ಸಲ. ನನ್ನ ಮುಖ ನೋಡಲಿಲ್ಲ. ನನ್ನ ಬೆರಳು ನೋಡಿದಳು — ತುದಿಗಳೆಲ್ಲ ತರಚಿದ್ದವು.
"ಸಿಕ್ಕಿತೇನ್ರಿ?"
"ಸಿಕ್ಕಿತು."
ಸೆರಗಿಗೆ ಗಂಟು ಹಾಕಿಕೊಂಡಳು. "ಬೆರಳಿಗಿ ಎಣ್ಣಿ ಹಚ್ಚಿಕೊಳ್ರಿ" ಎಂದಳು. ಅಷ್ಟೇ.

೨ ಮಾರ್ಚ್

ಹೆಣ್ಣು. ಜೋರಾಗಿ ಅಳುತ್ತದೆ. ಪೀರಬಿ ಕಲ್ಲಿಗೆ ತೇಯುವ ಸಪ್ಪಳ ಕಟ್ಟೆಯವರೆಗೆ ಬಂತು. ಸಕ್ಕರೆ ಹಂಚಿದೆ. ತಮ್ಮ ಎರಡು ಸಲ ತೆಗೆದುಕೊಂಡ. ಹೆಣ್ಣು ಎಂದು ಕೇಳಿ ಮುಖ ಅರಳಿತ್ತು.

ಅಜ್ಜನ ಮೂಗೇ ಅಂತೆ. ಬಾಗಿಲಾಚೆಯಿಂದ ಎತ್ತಿ ತೋರಿಸಿದರು. ಒಂದು ಪದ್ಯ ಶುರು ಮಾಡಿದ್ದೇನೆ, ತೊಟ್ಟಿಲಿಗೆ ಹಾಕುವ ದಿನಕ್ಕೆ ಮುಗಿಸಬೇಕು.

೯ ಮಾರ್ಚ್

ಕೂಸು ಮೊಲೆ ಹಿಡಿಯುತ್ತಿಲ್ಲ. ಮೈ ಸೆಟೆಯುತ್ತದೆ. ಗುಲ್ಬರ್ಗಾದಿಂದ ಡಾಕ್ಟರನ್ನು ಕರೆತರಲು ರಸೂಲ ಹೋಗಿದ್ದಾನೆ.

೧೧ ಮಾರ್ಚ್

ಹೊಲದಲ್ಲಿ ಸುಭದ್ರಿಯ ಪಕ್ಕಕ್ಕೆ. ತೊಟ್ಟಿಲು ಕಟ್ಟಲಿಲ್ಲ.

ಹೊಕ್ಕುಳಿಗೆ ನಂಜು ಏರಿತ್ತು ಎಂದರು ಡಾಕ್ಟರು. ತಡೆದು ತಡೆದು ರೂಪಾಯಿಯ ಮಾತು ಕೇಳಿದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು. ಸಂಬಂಧವಿಲ್ಲವೆಂದು ನನಗೂ ಗೊತ್ತು. ಬಿ.ಎ. ಓದಿದ್ದೇನೆ. ಗೊತ್ತಿರುವುದನ್ನು ಇಟ್ಟುಕೊಂಡು ಏನು ಮಾಡಲಿ.

೩ ಏಪ್ರಿಲ್

ದೌಲತರಾಯ ಗಾಡಿ ತಂದ. ಗೌರಾ ಹೊರಟಳು. ಗಡಿಗೆಯನ್ನು ಗಾಡಿಗೆ ಇಡಿಸಿದೆ. ಇಳಿಸಿದಳು.
"ನಿನ್ನ ಹೆಸರಿಗೇ ಕೂಡಿಸಿದ್ದು, ಗೌರಾ. ಇಷ್ಟೂ ನಿನ್ನದೇ."
"ಯಾರಿಗಿ ಒಯ್ಯಲ್ರಿ ಅಪ್ಪಾ?"
ಸೆರಗಿನ ಗಂಟು ಬಿಚ್ಚಿದಳು. ಆ ರೂಪಾಯಿ. ನನ್ನ ಕೈಯಲ್ಲಿಟ್ಟು ಬೆರಳು ಮಡಿಸಿದಳು.
"ಇದು ಅದಲ್ಲ ಅಂತ ಅವತ್ತೇ ಗೊತ್ತಾಗಿತ್ತು. ನೀವು ಅಷ್ಟು ತೇಯ್ದೀರಿ ಅಂತ ಸುಮ್ಮನಿದ್ದೆ. ತಕ್ಕಡಿಗಿ ಹಾಕ್ರಿ ಇದನ್ನ."
ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಒಳ್ಳೆಯದಿತ್ತು. ಗಾಡಿ ತಿರುಗುವಾಗ ತಲೆ ಮೇಲಿನ ಸೆರಗು ಸರಿಮಾಡಿಕೊಂಡಳು — ಥೇಟ್ ಸುಭದ್ರಿ.

೨೨ ಮೇ ೧೯೪೩

ಒಂದು ವರ್ಷ ಇದರಲ್ಲಿ ಬರೆದಿಲ್ಲ. ಕರಜಗಿಯಿಂದ ಸುದ್ದಿಯಿಲ್ಲ. ಎರಡು ಸಲ ಹೋಗಿ ಬಂದೆ. ಚಹಾ ಕೊಡುತ್ತಾಳೆ. ಆರಾಮೇನ್ರಿ ಅನ್ನುತ್ತಾಳೆ.

ಬೆಳ್ಳಿ ಏರಿದೆ. ರಸೂಲ ಓಡಿ ಬಂದ.
"ಮಾಲಕ, ನೀವು ಹೇಳಿದ್ದೇ ಖರೇ ಆಯ್ತು. ಈಗ ಮಾರೂಣು?"
ಗಡಿಗೆಯನ್ನೇ ಅವನ ಮುಂದೆ ನೂಕಿದೆ. ಸೊಲ್ಲಾಪುರದ ಗಟ್ಟಿ ಒಂದನ್ನು ಮಾತ್ರ ಇಟ್ಟುಕೊಂಡೆ.
"ಅದು?"
"ಇದು ಮಾಲು ಅಲ್ಲ."

ಅವನು ಹೋದ ಮೇಲೆ ಹಿತ್ತಲಿಗೆ ಬಂದೆ. ಗ್ರಂಥಿಗೆ ಅಂಗಡಿಯಿಂದ ಬಜೆ ತಂದಿಟ್ಟಿದ್ದೆ. ಬೇರು ತೇಯ್ದೆ, ಗಟ್ಟಿಯ ಅಂಚು ತೇಯ್ದೆ. ಇದರಲ್ಲಿ ಅದು ಇರಬಹುದು. ಇಲ್ಲದೆಯೂ ಇರಬಹುದು. ಜೇನಿನಲ್ಲಿ ಕಲಸಿದೆ. ಬೆರಳಿನಿಂದ ತೆಗೆದು ನಾಲಿಗೆಗೆ ಇಟ್ಟುಕೊಂಡೆ. ಕಹಿ. ಆಮೇಲೆ ಸಿಹಿ. ಆಮೇಲೆ, ನಮ್ಮವ್ವನ ಕೈಯ ರುಚಿ.