ಹೋಳಿಗೆಯ ಮೇಲೆ ದ್ರಾಕ್ಷಾಸವ

ಅಕ್ಕಲಕೋಟ
೧೨ ಫೆಬ್ರವರಿ ೧೯೫೬

ಮುನಿಸಿಕೊಂಡು ಸೋಲಾಪುರದಲ್ಲಿ ಹೋಗಿ ಕುಳಿತರೂ ನನ್ನ ಮನೆಯವರೇ ಆದ ನಿಮಗೆ, ಸುಗಲಾಳ ಶರಣು.

ಗೆದ್ದೆ. ಇದೊಂದು ಮಾತು ಮೊದಲು ಓದಿಕೊಳ್ಳಿರಿ, ಉಳಿದದ್ದನ್ನು ಚಹಾ ಕುಡಿದು ಸಾವಕಾಶ ಓದಿದರೂ ನಡೆದೀತು.

ಹೆಂಗಸಿನ ಕೈಯ ಆಸವ ಹುಳಿಯುತ್ತದೆ ಎಂದು ನಾಲ್ಕು ಜನರೆದುರು ಅಂದವರು ನೀವು. ನಾನು ಮದುವೆಯಾಗಿ ಬಂದ ವರ್ಷ ಹೂಡಿಟ್ಟ ದ್ರಾಕ್ಷಾಸವವನ್ನು ಸೋಲಾಪುರದ ಸಾತಲಿಂಗಪ್ಪನವರು ಪರೀಕ್ಷೆ ಮಾಡಲಿ, ಕೆಟ್ಟಿದೆ ಎಂದರೆ ನಮ್ಮಪ್ಪನ ಔಷಧಶಾಲೆಗೆ ಬೀಗ ಹಾಕಿ ಸೋಲಾಪುರಕ್ಕೆ ಬಾ ಎಂದು ಶರತ್ತು ಹಾಕಿದವರೂ ನೀವೇ. ಆ ಔಷಧಶಾಲೆಯೇ ನನ್ನ ಜೀವವೆಂದು ಗೊತ್ತಿದ್ದೂ ಹಾಕಿದಿರಿ. ನಾನೂ ಹಟಕ್ಕೆ ಬಿದ್ದು ಒಪ್ಪಿದೆ.

ನಿನ್ನೆ ಅವರು ಬಂದರು. ಸರಕಾರ ದಾರೂಬಂದಿ ತರುವ ಮೊದಲು ಗಿರಣಿಯ ಸಾಹೇಬರಿಗೆ ಹಳೆಯ ಪೋರ್ಟ್ ವೈನ್ ಮಾರಿದ ಮನುಷ್ಯ, ಈಗ ಆಯುರ್ವೇದ ಔಷಧಿಗಳ ದೊಡ್ಡ ವ್ಯಾಪಾರಿ. ಅಂಥವರು ಮನೆಗೆ ಬಂದರೆ ಅತ್ತೆಯವರು ಸುಮ್ಮನಿರುತ್ತಾರೆಯೇ? ಹೂರಣದ ಹೋಳಿಗೆ ಮಾಡಿ, ಬೇಡ ಬೇಡವೆಂದರೂ ತುಪ್ಪ ಸುರಿದು ಬಡಿಸಿದರು. ನಾನು ಹಿತ್ತಲ ಕೋಣೆಯಲ್ಲಿ ಭರಣಿಯ ತಳದ ಗಷ್ಟು ಕದಡದಂತೆ ಆಸವ ಸೋಸುತ್ತಿದ್ದೆ, ಇದೊಂದೂ ನನಗೆ ತಿಳಿಯಲಿಲ್ಲ.

ಊಟವಾದ ಮೇಲೆ ಅವರು ಒಂದು ಗುಟುಕು ಬಾಯಲ್ಲಿ ಆಡಿಸಿ ಮುಖ ಕಿವುಚಿದರು. "ಹುಳಿ ಆಗೇದ್ರಿ. ನೀರನೀರ ಹತ್ತಾಕತ್ತದ" ಎಂದರು. ಮಾವನವರು ತಲೆ ತಗ್ಗಿಸಿದರು. ನಾನು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದೆ. ಬೆಳಿಗ್ಗೆ ನಾನೇ ನಾಲಿಗೆಗೆ ಹಚ್ಚಿ ನೋಡಿದ್ದೆ, ಆಗ ಅದು ತುಂಬಿದ ಸಿಹಿ ಇತ್ತು. ಅಷ್ಟರಲ್ಲಿ ಎಂಜಲು ತಾಟಿನಲ್ಲಿ ಹೋಳಿಗೆಯ ಚೂರು ಕಂಡಿತು.

ತಲೆಯ ಮೇಲೆ ಸೆರಗೆಳೆದುಕೊಂಡು ನೆಟ್ಟಗೆ ಪಡಸಾಲೆಗೆ ನಡೆದೆ. ಅತ್ತೆಯವರು ಕಣ್ಣು ಕೆಂಪಗೆ ಮಾಡಿದರು, ಮಾಡಲಿ. "ಹೋಳಿಗಿ ಉಂಡ ಬಾಯಿಗಿ ಯಾವ ಆಸವಾನೂ ಹುಳೀನ ಹತ್ತತದ್ರಿ ಸಾವಕಾರ್ರ. ಕಟಕ ರೊಟ್ಟಿ ಜಗದು, ಬಾಯಿ ತೊಳಕೊಂಡು ಸಂಜೀಕ ಇನ್ನೊಮ್ಮಿ ನೋಡ್ರಿ" ಎಂದೆ.

ಅವರು ನಕ್ಕರು, ಆದರೆ ರೊಟ್ಟಿ ಜಗಿದರು. ಸಂಜೆ ಗಾಜಿನ ಲೋಟವನ್ನು ಕಿಟಕಿಗೆ ಹಿಡಿದರು. ನಡುವೆ ಕಪ್ಪುಗೆಂಪು, ಅಂಚಿಗೆ ಹಳೆಯ ಆಸವದ ಇಟ್ಟಂಗಿ ಬಣ್ಣ. ಮೂಗಿಗೆ ಹಿಡಿದರು, ಗುಟುಕರಿಸಿದರು, ಕಣ್ಣು ಮುಚ್ಚಿ ಕುಳಿತರು. ಕೊನೆಗೆ, "ಸಾಹೇಬರ ಹಳೇ ಪೋರ್ಟಿನ ರುಚೀನೂ ಬಾಯಾಗ ಇಷ್ಟೊತ್ತು ನಿಲ್ತಿದ್ದಿಲ್ಲ. ಯಾರ ಕೈದ್ರೀ ಇದು?" ಎಂದು ಕೇಳಿದರು.

"ನಮ್ಮ ಸೊಸಿದು" ಎಂದರು ಮಾವನವರು. ಆಗ ಅವರ ದನಿ ಓಣಿಗೆಲ್ಲ ಕೇಳಿಸಿರಬೇಕು. ಭರಣಿ ಪೂರ್ತಿ ಅವರೇ ಕೊಳ್ಳುತ್ತಾರೆ, ಇನ್ನು ವರ್ಷವರ್ಷವೂ ಬೇಕಂತೆ. ನನಗೆ ಎಷ್ಟು ಆನಂದವಾಯಿತೆಂದರೆ ಅಡುಗೆಮನೆಗೆ ಓಡಿ ಅತ್ತೆಯವರನ್ನೇ ತಬ್ಬಿಕೊಂಡೆ. ಅವರು ಬೈಯಲಿಲ್ಲ, ಉಳಿದ ಹೋಳಿಗೆ ನನ್ನ ಬಾಯಿಗೆ ತುರುಕಿದರು.

ಹೆಂಗಸಿನ ಕೈಯ ಮಾತು ಇನ್ನೇನಾದರೂ ಬಾಕಿಯಿದ್ದರೆ ಸಾತಲಿಂಗಪ್ಪನವರ ಅಂಗಡಿಗೆ ಹೋಗಿ ಆಡಿರಿ.

ಇಂತಿ, ಔಷಧಶಾಲೆಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಿರುವ ನಿಮ್ಮ
ಸುಗಲಾಬಾಯಿ

ತಾ.ಕ.: ನೀವು ಅಲ್ಲಿ ಬಾಡಿಗೆಗೆ ಹಿಡಿದ ಖೋಲಿ ಬಿಡಬೇಡಿರಿ. ಗುರುವಾರ ಆಸವದ ಜೊತೆ ನಾನೇ ಸೋಲಾಪುರಕ್ಕೆ ಬರುವವಳು. ಮಾಲು ಮುಟ್ಟಿಸಿ ಅದೇ ಗಾಡಿಗೆ ತಿರುಗಬಹುದೆಂದು ಮಾವನವರು ಹೇಳಿದರು. ಆಗುವುದಿಲ್ಲ, ಎರಡು ದಿನದ ಕೆಲಸವಿದೆ ಎಂದು ಸುಳ್ಳು ಹೇಳಿದ್ದೇನೆ.