ಹಾಲು ಸೀದಿರಲಿಲ್ಲ

ಅಮ್ಮಾ, ನನ್ನಮ್ಮಾ,

ಮೊನ್ನೆ ಬೆಳಿಗ್ಗೆ ಗಿರಿಜೆ ಹಜಾರದಲ್ಲಿ ಕವಡೆ ಆಡುತ್ತಿದ್ದವಳು ತಲೆಯೆತ್ತಿ, "ಅಮ್ಮಾ, ಹಾಲು ಸೀದ್ಹೋಯ್ತು" ಅಂದಳು. ಗಿರಿಜೆ ನನ್ನ ಮಗಳು. ನೀನು ನೋಡಲಿಲ್ಲ, ಈಗ ಆರು ವರ್ಷ. ಒಲೆಯ ಮೇಲೆ ಹಾಲೇ ಇರಲಿಲ್ಲ. "ಎಲ್ಲಿದೆಯೇ ಹಾಲು?" ಎನ್ನುತ್ತ ಹೊರಗೆ ಬಂದರೆ, ಅವಳ ಕಣ್ಣು ತೆರೆದೇ ಇದ್ದವು, ನನ್ನನ್ನು ಮಾತ್ರ ನೋಡುತ್ತಿರಲಿಲ್ಲ. ಏನನ್ನೋ ಚಪ್ಪರಿಸುವಂತೆ ತುಟಿ ಆಡುತ್ತಿದ್ದವು. ಬಲಗೈಯ ಹೆಬ್ಬೆರಳು ಬೆರಳ ಗೆಣ್ಣುಗಳ ಮೇಲೆ ಒಂದೊಂದಾಗಿ ಸವರುತ್ತ ಹೋಗುತ್ತಿತ್ತು. ಅದು ನೀನಮ್ಮ. ನನ್ನ ಮಗಳ ಮೈಯಲ್ಲಿ ಕೂತು ನೀನು ಜಪ ಎಣಿಸುತ್ತಿದ್ದೆ.

ಶಿವಮೊಗ್ಗದ ಮನೆ ನೆನಪಿದೆಯಾ? ಗಾಂಧಿ ಬಜಾರ್ ಹಿಂದಿನ ಬೀದಿ, ಒರಳುಕಲ್ಲಿನ ಮುಂದೆ ನೀನು. ರುಬ್ಬುತ್ತಿದ್ದವಳು ಇದ್ದಕ್ಕಿದ್ದಂತೆ, "ಹಾಲು ಸೀದ್ಹೋಯ್ತೇನೆ?" ಎಂದು ಕೇಳುತ್ತಿದ್ದೆ. "ಬೀದಿ ಹಾಲೆಲ್ಲ ನಿಮ್ಮಮ್ಮನ ಮೂಗಲ್ಲೇ ಸೀಯತ್ತೆ ಮಾರಾಯ್ತಿ" ಎಂದು ಅಪ್ಪ ನಗುತ್ತಿದ್ದರು. ಅಷ್ಟರಲ್ಲಿ ನಿನ್ನ ಕೈ ನಿಂತಿರುತ್ತಿತ್ತು. ತುಟಿ ಆಡುತ್ತಿತ್ತು, ಹೆಬ್ಬೆರಳು ಗೆಣ್ಣು ಎಣಿಸುತ್ತಿತ್ತು. "ಶ್! ಅಕ್ಕ ಜಪಕ್ಕೆ ಹೋದ್ಲು" ಎಂದು ಚಿಕ್ಕಮ್ಮ ನಮ್ಮ ಬಾಯಿ ಮುಚ್ಚಿಸುತ್ತಿದ್ದಳು. ಬೀದಿಯ ಹೆಂಗಸರು ಬಂದು ನಿನ್ನ ಪಾದ ಮುಟ್ಟುತ್ತಿದ್ದರು. ನೀನು ಎಚ್ಚರಾಗಿ, ಕಂಗಾಲಾಗಿ ಸೆರಗು ಸರಿಮಾಡಿಕೊಂಡು, "ನಾನೇನೂ ಮಾಡ್ಲಿಲ್ಲ ಕಣ್ರೇ, ನಂಗೇನೂ ಗೊತ್ತಿಲ್ಲ" ಅನ್ನುತ್ತಿದ್ದೆ. "ನೋಡಿ, ಎಂಥಾ ವಿನಯ!" ಅಂದುಕೊಂಡು ಅವರು ಮತ್ತೊಮ್ಮೆ ಕೈಮುಗಿಯುತ್ತಿದ್ದರು.

ಈಗ ಚಿಕ್ಕಮ್ಮ ಭದ್ರಾವತಿಯಲ್ಲಿ ನಮ್ಮ ಜೊತೆಗೇ ಇದ್ದಾಳೆ. ಮೊನ್ನೆ ಗಿರಿಜೆಯ ಬೆರಳು ನೋಡಿದವಳೇ ಅತ್ತುಬಿಟ್ಟಳು, ಸಂತೋಷಕ್ಕೆ. "ಅಕ್ಕ ಬಂದ್ಲು ಕಣೆ! ಅಜ್ಜಿ ಜಪ ಮೊಮ್ಮಗಳಿಗೆ ಒಲಿದಿದೆ!" ಮಗುವನ್ನು ಮಣೆಯ ಮೇಲೆ ಕೂರಿಸಿ ದೀಪ ಹಚ್ಚಿದಳು. ನೆರೆಮನೆಯವರಿಗೂ ಹೇಳಿಬಂದಳು. ಕಬ್ಬಿಣದ ಕಾರ್ಖಾನೆಯಿಂದ ಬಂದ ನಿನ್ನ ಅಳಿಯ ಕುಂಕುಮ ಮೆತ್ತಿದ್ದ ಮಗುವಿನ ಹಣೆ ಒರೆಸಿ, "ನಾಳೆ ಶಿವಮೊಗ್ಗಕ್ಕೆ ಹೋಗಿ ಡಾಕ್ಟರಿಗೆ ತೋರಿಸ್ಕೊಂಡು ಬಾ" ಎಂದಷ್ಟೇ ಹೇಳಿದರು.

ಬಸ್ಸು ಮಲವಗೊಪ್ಪ ದಾಟುವಾಗ ಗಿರಿಜೆಗೆ ಮತ್ತೆ ಹಾಗೇ ಬಂತು. ಪಕ್ಕದಲ್ಲಿದ್ದ ಮುದುಕಪ್ಪ ಬಗ್ಗಿ ನೋಡಿ, "ಮೂರ್ಛೆ ಇದ್ದಂಗಿದೆ ತಾಯಿ, ಕೈಗೆ ಕಬ್ಬಿಣ ಕೊಡಿ. ಭದ್ರಾವತಿಯೋರಿಗೆ ಕಬ್ಬಿಣಕ್ಕೇನ್ ಬರ?" ಅಂದ. ನನಗೆ ಎಲ್ಲಿಲ್ಲದ ಸಿಟ್ಟು. "ಮೂರ್ಛೆಯಂತೆ! ಬಿದ್ದಿದ್ದಾಳಾ? ಬಾಯಲ್ಲಿ ನೊರೆ ಬಂದಿದೆಯಾ?" ಎಂದು ಜಗಳಕ್ಕೇ ನಿಂತೆ. ಮೈಸೂರಿಗೆ ಹೋಗಿ ಬಿ.ಎ. ಓದಿ ಬಂದವಳು ನಾನು. ಮೂರ್ಛೆ ಎಂದರೆ ಬಿದ್ದು ಒದ್ದಾಡುವುದು, ಅಷ್ಟೇ ನನಗೆ ಗೊತ್ತಿದ್ದದ್ದು.

ಡಾಕ್ಟರು ಮಗುವಿಗಿಂತ ಮೊದಲು ನನ್ನನ್ನೇ ಪರೀಕ್ಷೆ ಮಾಡಿದರು ಅನ್ನು. ಮೊದಲು ಏನು, ಆಮೇಲೆ ಏನು, ಯಾವ ಕೈ, ಕರೆದರೆ ಓಗೊಡುತ್ತಾಳಾ, ಮುಗಿದ ಮೇಲೆ ನೆನಪಿರುತ್ತಾ... ತುಟಿ, ಬೆರಳು ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು, "ಅದಕ್ಕೆ ಮುಂಚೆ ಏನಾದ್ರೂ ವಾಸನೆ ಬರತ್ತೆ ಅಂತಾಳೇನಮ್ಮ? ಸೀದ ವಾಸನೆ?" ಎಂದು ಕೇಳಿದರು. ನಾನು ಹಾಲಿನ ಮಾತೇ ಎತ್ತಿರಲಿಲ್ಲ! "ಹಾಲು ಸೀದ್ಹೋಯ್ತು ಅಂತಾಳೆ" ಎಂದೆ. "ಇದೂ ಮೂರ್ಛೆಯೇ," ಅಂದರು. "ಇಡೀ ಮಿದುಳಲ್ಲಿ ಏಳೋದು ಒಂದು ಥರ, ಅದರಲ್ಲಿ ಮೈಯೆಲ್ಲ ಸೆಟೆದು ಒದ್ದಾಡ್ತಾರೆ. ಇದು ಒಂದು ಮೂಲೆಯಲ್ಲಿ ಮಾತ್ರ ಏಳತ್ತೆ. ವಾಸನೆ, ನೆನಪು ಇವೆಲ್ಲ ಇರೋ ಮೂಲೆ. ಅದಕ್ಕೇ ಇಲ್ಲದ ವಾಸನೆ, ಅದಕ್ಕೇ ಆಮೇಲೆ ಏನೂ ನೆನಪಿಲ್ಲ. ಬಾಯಿ, ಕೈ ತಾವೇ ಆಡ್ತವೆ, ಅವಳು ಆಡಿಸೋದಲ್ಲ." ಮಿದುಳಿನ ವಿದ್ಯುತ್ತನ್ನು ಗೆರೆಯಾಗಿ ಬರೆಯುವ ಯಂತ್ರ ಹೊರದೇಶಗಳಲ್ಲಿ ಬಂದಿದೆಯಂತೆ. "ಇಲ್ಲಿ ನೋಡಿದವರ ಕಣ್ಣೇ ಯಂತ್ರ. ನೀವು ಚೆನ್ನಾಗಿ ನೋಡಿದ್ದೀರಿ." ನೋಡಿದ್ದು ನಿನ್ನನ್ನು ಅಮ್ಮಾ, ನನ್ನ ಬಾಲ್ಯವೆಲ್ಲ.

ನಿನ್ನ ವಿಷಯ ಹೇಳಿದೆ. ಕೆಲವು ಮನೆಗಳಲ್ಲಿ ಹಾಗೆ ಬರುವುದುಂಟು, ಖಚಿತವಾಗಿ ಹೇಳಲಾಗದು ಅಂದರು. ಆಮೇಲೆ ಮಾತ್ರೆ ಬರೆದುಕೊಟ್ಟರು, ಫಿನೋಬಾರ್ಬಿಟೋನ್ ಅಂತ. ದಿನವೂ ತಪ್ಪದೆ ಕೊಡಬೇಕು, ವಾಸಿಯಾಯಿತೆಂದು ತಟ್ಟನೆ ನಿಲ್ಲಿಸಬಾರದು, ಮೊದಮೊದಲು ಮಂಪರು ಇರುತ್ತದೆ. ಬಂದಾಗ ಅದುಮಿ ಹಿಡಿಯಬಾರದು, ಬಾಯಿಗೆ ಏನೂ ತುರುಕಬಾರದು, ಪಕ್ಕದಲ್ಲಿದ್ದರೆ ಸಾಕು. "ಹೊಸ ಔಷಧಿಯಾ?" ಎಂದೆ. "ಹೊಸದೇನು ಬಂತು! ಬಹಳ ವರ್ಷದಿಂದ ಇದೆಯಲ್ಲ. ಈಗ ಯುದ್ಧದ ದೆಸೆಯಿಂದ ಸಿಗೋದು ಕಷ್ಟ, ಅಷ್ಟೆ." ಬಹಳ ವರ್ಷದಿಂದ, ಅಮ್ಮಾ! ನೀನು ಒರಳುಕಲ್ಲಿನ ಮುಂದೆ ಕೂತಿದ್ದ ಕಾಲಕ್ಕೂ...

ಏಳುವಾಗ ಡಾಕ್ಟರು ಇನ್ನೊಂದು ಮಾತು ಹೇಳಿದರು. "ಒಲೆ, ಬಾವಿ, ಹೊಳೆ, ಇವುಗಳ ಹತ್ತಿರ ಒಬ್ಬಳನ್ನೇ ಬಿಡಬೇಡಿ. ಮೊಣಕಾಲುದ್ದ ನೀರೂ ಸಾಕು." ನಾನು ಮತ್ತೆ ಕೂತುಬಿಟ್ಟೆ. ಅಂದು ತುಂಗೆಯ ಮೆಟ್ಟಿಲಲ್ಲಿ ನೀನು ಒಬ್ಬಳೇ ಬಟ್ಟೆ ಒಗೆಯುತ್ತಿದ್ದೆ. ಮೊಣಕಾಲುದ್ದ ನೀರು. ಮೈಸೂರಿನಿಂದ ಓಡಿಬಂದ ನನಗೆ ಎಲ್ಲರೂ ಹೇಳಿದ್ದು ಒಂದೇ: ಜಪದಲ್ಲೇ ಹೊಳೆ ಸೇರಿದ ಪುಣ್ಯವಂತೆ, ಅಳಬೇಡ. ನಾನು ಅಳಲೂ ಇಲ್ಲವಲ್ಲಮ್ಮ. ಆ ಕ್ಷಣ ನಿನಗೂ ಹಾಲು ಸೀದ ವಾಸನೆ ಬಂದಿತ್ತಾ? ಆ ನೀರಲ್ಲಿ ನಿಂತು ಯಾರನ್ನು ಕೇಳಿದೆ?

ಮನೆಗೆ ಬಂದು ಎಲ್ಲ ಹೇಳಿದರೆ ಚಿಕ್ಕಮ್ಮ ಕೆಂಡವಾದಳು. "ನಮ್ಮಕ್ಕಂಗೆ ರೋಗ ಅಂತೀಯಾ? ಒಲಿದು ಬಂದದ್ದನ್ನ ಮಾತ್ರೆ ಕೊಟ್ಟು ಓಡಿಸ್ತೀಯಾ? ಕಾಲೇಜು ಓದ್ಸಿದ್ದು ಇದಕ್ಕೇನೇ?" ಮಾತ್ರೆಯ ಸೀಸೆ ಅವಳ ಮುಷ್ಟಿಯಲ್ಲಿತ್ತು. ನಾನು ಕಿತ್ತುಕೊಳ್ಳಲಿಲ್ಲ. ನಿನ್ನ ಜಪವನ್ನು ಕಿತ್ತುಕೊಂಡರೆ ಅವಳಿಗೆ ಉಳಿಯುವುದಾದರೂ ಏನು? ಅದೇ ಹೊತ್ತಿಗೆ ಗಿರಿಜೆಗೆ ಬಂತು. ಚಿಕ್ಕಮ್ಮ ಕೈಮುಗಿದು ಅವಳ ಮುಂದೆ ಕೂತಳು. ಮಗು ಎಚ್ಚರಾಗಿ, ಮುಗಿದ ಕೈ ನೋಡಿ ಹೆದರಿ ಹಿಂದಕ್ಕೆ ಸರಿದಳು. "ನಾನೇನೂ ಮಾಡ್ಲಿಲ್ಲ ಅಜ್ಜೀ... ನಂಗೇನೂ ಗೊತ್ತಿಲ್ಲ" ಎಂದು ಬಿಕ್ಕಿದಳು.

ಚಿಕ್ಕಮ್ಮನ ಕೈ ಹಾಗೇ ನಿಂತಿತು. ಆ ಮಾತನ್ನು ಈ ಮಗುವಿಗೆ ಯಾರೂ ಹೇಳಿಕೊಟ್ಟಿಲ್ಲ. "ಅಕ್ಕನೂ... ಹಂಗೇ ಹೇಳೋಳಲ್ವೇನೆ?" ಅಂದಳು ನನ್ನ ಕಡೆ ತಿರುಗಿ. "ಹೆದರ್ಕೊಂಡು ಹೇಳ್ತಿದ್ಲೇನೆ?" ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ತಾನೇ ಸೀಸೆಯ ಮುಚ್ಚಳ ತೆಗೆದು, "ನೀರು ತಾ" ಅಂದಳು.

ನನಗಿನ್ನೂ ನಿದ್ದೆ ಹತ್ತಿಲ್ಲ. ಅವಳ ತುಟಿಯನ್ನೇ ನೋಡುತ್ತಿರುತ್ತೇನೆ. ಮಾತ್ರೆ ಹಿಡಿಯುತ್ತದೋ ಇಲ್ಲವೋ ಗೊತ್ತಿಲ್ಲ. ಆದರೆ ಒಂದು ಸುದ್ದಿ ನಿನಗೆ ಮುಟ್ಟಲೇಬೇಕು. ನೀನು ಹೇಳಿದ್ದು ನಿಜವಾಗಿತ್ತಮ್ಮ. ನೀನು ಏನೂ ಮಾಡುತ್ತಿರಲಿಲ್ಲ, ನಿನಗೇನೂ ಗೊತ್ತಿರಲಿಲ್ಲ. ಇನ್ನು ಈ ಮನೆಯಲ್ಲಿ ಯಾರಾದರೂ ಹಾಲು ಸೀದುಹೋಯಿತೆಂದರೆ ನಾವು ಒಲೆಯ ಕಡೆಗೆ ಓಡುವುದಿಲ್ಲ. ಹೇಳಿದವಳ ಕಡೆಗೆ ಓಡುತ್ತೇವೆ.

ನಿನ್ನ ಮಗಳು