ಎಡಗಡೆ ಜಾಗ ಬಿಡು

ಮಸ್ಕಿ

ತಂಗಿ ಅಮರೇಶ್ವರಿಗೆ,

ನಾವೆಲ್ಲ ಆರಾಮ. ಲಿಂಗಸುಗೂರಿನ ನಿನ್ನ ಹೊಸ ಮನೆಗೆಂದು ಒಂದು ಚಿತ್ರ ಕಳಿಸಿದ್ದೇನೆ. ನೋಡಿದ ಕೂಡಲೇ ಗುರುತು ಹಿಡಿಯುತ್ತೀ. ನಾವು ಸಣ್ಣವರಿದ್ದಾಗ ಕಾಲುವೆ ಎಂಜಿನಿಯರು ಜಪಾನಿನಿಂದ ತಂದುಕೊಟ್ಟ ಚಿತ್ರಕಥೆಯ ಅದೇ ಹುಡುಗಿ, ಅದೇ ದೊಡ್ಡ ಕಣ್ಣು. ಆ ಹಳೆಯ ಪುಟಗಳನ್ನು ಈಗ ಒಳ್ಳೆಯ ಕಾಗದದ ಮೇಲೆ ನೂರೇ ಪ್ರತಿ ಅಚ್ಚು ಹಾಕಿದ್ದಾರೆ. ಕೆಳಗೆ ಪೆನ್ಸಿಲಿನಲ್ಲಿರುವುದು ಪ್ರತಿಯ ಸಂಖ್ಯೆ. ಸಿಂಧನೂರಿನ ಫ್ರೇಮಿನವನು ಯಾರೋ ಗೀಚಿದ್ದೆಂದು ರಬ್ಬರು ತೆಗೆದಿದ್ದ, ನಾನು ಕೈ ಹಿಡಿದೆ.

ನೆನಪಿದೆಯಾ? ನಾವು ಎಡದಿಂದ ನೋಡುತ್ತ ಹೋಗಿ, ಮನೆಗೆ ಬಂದ ಹುಡುಗಿ ಮತ್ತೆ ಹೊರಟೇ ಹೋದಳೆಂದು ನೀನು ಅತ್ತಿದ್ದೆ. ನಿಜಾಮರ ಕಾಲದಲ್ಲಿ ಉರ್ದು ಕಲಿತಿದ್ದ ಅಜ್ಜ ಪುಸ್ತಕ ಇಸಕೊಂಡು ಬಲಗಡೆಯಿಂದ ತೆರೆದ. "ಇದು ಉರ್ದು ಇದ್ದಂಗ ಐತವ್ವ, ಬಲಗಡಿಂದ ನೋಡು. ಹೋದಾಕಿ ಹೊಳ್ಳಿ ಮನಿಗೆ ಬಂದಾಳ, ಯಾಕ ಅಳಾಕತ್ತಿ?" ಎಂದ.

ನಾನು ಕೊಂಡ ಎರಡು ಪುಟಗಳಲ್ಲಿ ನಿನಗೆ ಕಳಿಸಿರುವುದು ಅವಳು ಗಂಟು ಹಿಡಿದು ಹೊರಟ ಪುಟ. ಗೋಡೆಯ ಬಲಕ್ಕೆ ತೂಗುಹಾಕು. ಎಡಗಡೆ ಅಷ್ಟೇ ಜಾಗ ಬಿಡು.

ನೀನು ನಿನ್ನಿಷ್ಟದಂತೆ ಮದುವೆಯಾದ ದಿನ ಅಪ್ಪ ಆಡಿದ ಮಾತನ್ನು ಇಲ್ಲಿ ಈಗ ಯಾರೂ ಎತ್ತುವುದಿಲ್ಲ. ಆ ಹುಡುಗಿ ಹೊಳ್ಳಿ ಬರುವ ಪುಟವನ್ನು ಅಪ್ಪನೇ ಮೊಳೆ ಹೊಡೆದು ಪಡಸಾಲೆಯಲ್ಲಿ ಹಾಕಿದ್ದಾನೆ. ಜೋಡಿ ಮುರಿಯಬಾರದು, ಎರಡನ್ನೂ ಕಳಿಸೋಣ ಎಂದೆ. ಕೊಡಲಿಲ್ಲ.

"ಆಕಿನ ಬಂದು ಒಯ್ಲಿ," ಎಂದ. ಚಿತ್ರದ ಚೌಕಟ್ಟನ್ನು ನೆಟ್ಟಗೆ ಮಾಡುತ್ತ, "ಅಳಿಯನ್ನೂ ಕರಕೊಂಡು," ಎಂದ.

ಪಂಚಮಿಗೆ ಕರೆಯಲು ಬರುತ್ತೇನೆ. ತಯಾರಾಗಿರು.

ನಿನ್ನ ಅಣ್ಣ,
ನರಸಣ್ಣ